ಮಳೆಗಾಲದ ಮೀನುಗಾರಿಕೆ ನಿಷೇಧ ಹಿಡಿದು ಒಂದು ಸಾಧಕ-ಬಾಧಕ ಪ್ರಬಂಧ

ಪ್ರಶ್ನೆಪತ್ರಿಕೆಯಲ್ಲಿ "ಸಾಧಕ-ಬಾಧಕಗಳನ್ನು ಚರ್ಚಿಸಿ" ಎಂದು ಕಂಡರೆ ಬಹಳಷ್ಟು ಉತ್ತರಗಳು ಒಂದೇ ಅಚ್ಚಿನಲ್ಲಿ ಬರುತ್ತವೆ. "ಇಂದಿನ ಆಧುನಿಕ ಯುಗದಲ್ಲಿ" ಎಂದು ಶುರು, ಅನುಕೂಲ ಐದು, ಅನಾನುಕೂಲ ಐದು, ಕೊನೆಗೆ "ಒಳ್ಳೆಯದಕ್ಕೆ ಬಳಸಿದರೆ ವರ, ಕೆಟ್ಟದ್ದಕ್ಕೆ ಬಳಸಿದರೆ ಶಾಪ". ವಿಷಯ ಮೊಬೈಲ್ ಇರಲಿ, ಕೈಗಾ ಅಣುಸ್ಥಾವರ ಇರಲಿ, ಗೋಕರ್ಣದ ಪ್ರವಾಸೋದ್ಯಮ ಇರಲಿ, ಆ ಕೊನೆಯ ವಾಕ್ಯ ಎಲ್ಲದಕ್ಕೂ ಹೊಂದುತ್ತದೆ. ಎಲ್ಲದಕ್ಕೂ ಹೊಂದುವ ವಾಕ್ಯಕ್ಕೆ ಯಾವ ಮೌಲ್ಯಮಾಪಕರೂ ಅಂಕ ಕೊಡಲಾರರು, ಕೊಡಲೂಬಾರದು.

ಈ ಬಗೆಯ ಪ್ರಬಂಧದಲ್ಲಿ ಪಟ್ಟಿ ಮಾಡಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಪಟ್ಟಿಯಲ್ಲಿ ಯಾವುದು ಭಾರ, ಯಾವುದು ಹಗುರ, ಏಕೆ ಎಂದು ಹೇಳುವಲ್ಲಿ ನಿಜವಾದ ಕೆಲಸ ಇದೆ. ಅದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗೆ ಎಲ್ಲರೂ ಬಲ್ಲ ವಿಷಯವೊಂದನ್ನು ಹಿಡಿದೇ ನೋಡೋಣ: ಮಳೆಗಾಲದ ಮೀನುಗಾರಿಕೆ ನಿಷೇಧ. ಹೈಸ್ಕೂಲಿನವರಿಗೂ ಕೆಎಎಸ್‌ಗೆ ಕೂತವರಿಗೂ ವಿಧಾನ ಒಂದೇ, ಉದ್ದ ಮಾತ್ರ ಬೇರೆ.

ಪ್ರಶ್ನೆ ಕೇಳುತ್ತಿರುವುದೇನು

ಪೆನ್ನು ಹಿಡಿಯುವ ಮೊದಲು ಪ್ರಶ್ನೆಯ ಕೊನೆಯ ಪದ ನೋಡಿ. "ವಿವರಿಸಿ" ಅಂದಿದ್ದರೆ ಎರಡೂ ಕಡೆಯನ್ನು ನ್ಯಾಯವಾಗಿ ಮುಂದಿಟ್ಟರೆ ಸಾಕು, ನಿಮ್ಮ ತೀರ್ಪು ಎರಡು ವಾಕ್ಯದಲ್ಲಿ ಮುಗಿದರೂ ನಡೆಯುತ್ತದೆ. "ಚರ್ಚಿಸಿ", "ವಿಮರ್ಶಿಸಿ" ಅಂದಿದ್ದರೆ ತೂಗಬೇಕು. "ಬಾಧಕಗಳಿಗಿಂತ ಸಾಧಕಗಳೇ ಹೆಚ್ಚೆ?" ಎಂದು ನೇರವಾಗಿ ಕೇಳಿದ್ದರೆ ಹೌದು ಅಥವಾ ಇಲ್ಲ ಎಂಬ ನಿಲುವು ಮೊದಲ ಪ್ಯಾರಾದಲ್ಲೇ ಕಾಣಬೇಕು, ಕೊನೆಯವರೆಗೂ ಅದೇ ಉಳಿಯಬೇಕು. ವಿದೇಶಕ್ಕೆ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡೂ ಕಡೆ ಹೇಳಿ ಎಂಬ ಪ್ರಶ್ನೆಯೂ ಯಾವುದು ಹೆಚ್ಚು ಎಂಬ ಪ್ರಶ್ನೆಯೂ ಬರುತ್ತವೆ. ಅಲ್ಲಿನ ಎರಡನೆಯ ಬರವಣಿಗೆಗೆ ಕನಿಷ್ಠ 250 ಪದ, ಸುಮಾರು 40 ನಿಮಿಷ. ಎರಡೂ ಪ್ರಶ್ನೆಗಳನ್ನು ಒಂದೇ ಎಂದುಕೊಂಡು ನಿಲುವು ಹೇಳದೆ ಬಂದವರು ಭಾಷೆ ಚೆನ್ನಾಗಿದ್ದೂ ಅಂಕ ಕಳೆದುಕೊಳ್ಳುತ್ತಾರೆ.

ಎರಡನೆಯದಾಗಿ, ವಿಷಯದ ಗಡಿ ಗುರುತಿಸಿ. ವಿಷಯ "ಮೀನುಗಾರಿಕೆ ನಿಷೇಧ" ಎಂದಿದ್ದರೆ ಒಟ್ಟು ಮೀನುಗಾರಿಕೆಯ ಮಹತ್ವ, ಮೀನಿನಲ್ಲಿರುವ ಪೋಷಕಾಂಶ, ಕರಾವಳಿಯ ಸೌಂದರ್ಯ ಇವ್ಯಾವುವೂ ಒಳಗೆ ಬರುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗೂ ಇದೇ ನಿಯಮ. ಸಾಂಪ್ರದಾಯಿಕ ನಾಡದೋಣಿಗೆ ವಿನಾಯಿತಿ ಇದೆ. ಇದರ ಹಿಂದಿರುವುದು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಪೀಠಿಕೆಗೆ ಇಷ್ಟು ಸಾಕು. ಏನು, ಎಷ್ಟು ದಿನ, ಯಾರಿಗೆ ಅನ್ವಯ, ಯಾರಿಗೆ ಇಲ್ಲ ಎಂದು ಮೂರು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ರಫ್ ಹಾಳೆ

ಹಾಳೆಯ ನಡುವೆ ಗೆರೆ ಎಳೆದು ಎರಡೂ ಕಡೆ ಹೊಳೆದದ್ದನ್ನೆಲ್ಲ ಬರೆಯಿರಿ. ಐದು ನಿಮಿಷದಲ್ಲಿ ಹೀಗೆ ಬರಬಹುದು.

ಸಾಧಕದ ಕಡೆ: ಮೀನು ಮೊಟ್ಟೆ ಇಡುವ ಕಾಲಕ್ಕೆ ಬಿಡುವು, ಕೆರಳಿದ ಕಡಲಿನಲ್ಲಿ ಜೀವಹಾನಿ ತಪ್ಪುವುದು, ಬೋಟ್ ಮತ್ತು ಬಲೆ ದುರಸ್ತಿಗೆ ಸಮಯ, ನಾಡದೋಣಿಯವರಿಗೆ ಒಳ್ಳೆಯ ದರ, ಆಗಸ್ಟ್ ನಂತರ ಹೆಚ್ಚು ಮೀನು, ಡೀಸೆಲ್ ಉಳಿತಾಯ.

ಬಾಧಕದ ಕಡೆ: ಕಲಾಸಿಗಳ (ಬೋಟಿನಲ್ಲಿ ದುಡಿಯುವ ಆಳುಗಳ) ದುಡಿಮೆ ನಿಲ್ಲುವುದು, ಮೀನು ಮಾರುವ ಹೆಂಗಸರ ವ್ಯಾಪಾರ ಕುಸಿಯುವುದು, ಐಸ್ ಫ್ಯಾಕ್ಟರಿ ಮತ್ತು ಸಾಗಣೆಯವರಿಗೆ ಕೆಲಸ ಇಲ್ಲದಿರುವುದು, ಬೋಟ್ ಸಾಲದ ಕಂತು, ತಿನ್ನುವವರಿಗೆ ದುಬಾರಿ, ಎಲ್ಲ ಜಾತಿಯ ಮೀನೂ ಆ ಎರಡೇ ತಿಂಗಳಲ್ಲಿ ಮೊಟ್ಟೆ ಇಡುವುದಿಲ್ಲ ಎಂಬ ಆಕ್ಷೇಪ, ನಿಷೇಧ ಮುಗಿದ ಕೂಡಲೇ ಮರಿಮೀನನ್ನೂ ಬಾಚುವುದು.

ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಉತ್ತರ ಬರೆಯಲು ತೊಡಗುತ್ತಾರೆ. ಹಾಗೆ ಮಾಡಿದರೆ ರಾಶಿ, ಚಾಲಿ, ಕೋಕಾ ಎಂಬ ಬೇರೆ ಬೇರೆ ದರ್ಜೆಯ ಅಡಿಕೆಯನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ದರ ಕೇಳಿದ ಹಾಗಾಗುತ್ತದೆ. ಮೊದಲು ವಿಂಗಡಿಸಬೇಕು.

ಒಂದೇ ಮಾತು ಎರಡು ರೂಪದಲ್ಲಿ ಬಂದಿದ್ದರೆ ಸೇರಿಸಿಬಿಡಿ. "ಮೊಟ್ಟೆ ಇಡುವ ಕಾಲಕ್ಕೆ ಬಿಡುವು" ಮತ್ತು "ಆಗಸ್ಟ್ ನಂತರ ಹೆಚ್ಚು ಮೀನು" ಬೇರೆ ಬೇರೆ ಅಂಶಗಳಲ್ಲ. ಒಂದು ಕಾರಣ, ಇನ್ನೊಂದು ಫಲ. ಕಲಾಸಿ, ಮೀನು ಮಾರುವವರು, ಐಸ್ ಫ್ಯಾಕ್ಟರಿಯ ಕೂಲಿಗಳು ಮೂವರನ್ನೂ "ದಿನದ ದುಡಿಮೆ ನಂಬಿದವರು" ಎಂಬ ಒಂದೇ ಅಂಶದ ಕೆಳಗೆ ತನ್ನಿ. ಸಾಲದ ಕಂತು ಮಾಲೀಕನ ಬಾಬ್ತು, ಅದು ಬೇರೆಯೇ ಇರಲಿ. ಡೀಸೆಲ್ ಉಳಿತಾಯ ತೆಗೆದುಹಾಕಿ. ದುಡಿಮೆ ಇಲ್ಲದ ಉಳಿತಾಯವನ್ನು ಲಾಭ ಎಂದು ಬರೆದರೆ ಓದುವವರಿಗೆ ನಗು ಬರುತ್ತದೆ. ಹದಿಮೂರು ಅಂಶ ಆರಕ್ಕೆ ಇಳಿದರೆ ಸರಿಯಾದ ಹಾದಿಯಲ್ಲಿದ್ದೀರಿ. 300 ಪದದ ಪ್ರಬಂಧಕ್ಕೆ ಒಂದು ಕಡೆಗೆ ಎರಡು, ಹೆಚ್ಚೆಂದರೆ ಮೂರು ಅಂಶ ಸಾಕು. ಐದು ಹಾಕಿದರೆ ಪ್ರತಿಯೊಂದಕ್ಕೂ ಒಂದೊಂದೇ ವಾಕ್ಯ ಸಿಗುತ್ತದೆ, ವಾದಕ್ಕೆ ಜಾಗ ಉಳಿಯುವುದಿಲ್ಲ.

ತೂಗುವ ಪ್ರಶ್ನೆಗಳು

ಉಳಿದ ಪ್ರತಿ ಅಂಶಕ್ಕೂ ಕೆಲವು ಪ್ರಶ್ನೆ ಕೇಳಿ. ಉತ್ತರವನ್ನು ಅದರ ಪಕ್ಕದಲ್ಲೇ ಒಂದೆರಡು ಪದದಲ್ಲಿ ಗುರುತು ಮಾಡಿ.

ಇದು ಇಲ್ಲದಿದ್ದರೂ ಹಾಗೆಯೇ ಆಗುತ್ತಿತ್ತೆ? ಇದು ಬಹುಪಾಲು ಪ್ರಬಂಧಗಳಲ್ಲಿ ಯಾರೂ ಕೇಳದ ಪ್ರಶ್ನೆ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದೂ ಇದೇ. ನಿಷೇಧದಿಂದ 61 ದಿನದ ದುಡಿಮೆ ಹೋಯಿತು ಎನ್ನುತ್ತೇವೆ. ಜೂನ್-ಜುಲೈನಲ್ಲಿ ನಮ್ಮ ಕಡಲು ಹೇಗಿರುತ್ತದೆ? ನಿಷೇಧ ಇಲ್ಲದಿದ್ದರೂ ಸಣ್ಣ ಬೋಟುಗಳು ಆ ದಿನಗಳಲ್ಲಿ ಹಲವು ಸಲ ದಡದಲ್ಲೇ ಇರುತ್ತಿದ್ದವು. ಹಾಗಾಗಿ ನಿಷೇಧದ ನಿಜವಾದ ನಷ್ಟ ಪೂರಾ 61 ದಿನದ್ದಲ್ಲ, ಹೋಗಬಹುದಾಗಿದ್ದ ದಿನಗಳದ್ದು ಮಾತ್ರ. ಇದೇ ಪ್ರಶ್ನೆ ಸಾಧಕದ ಕಡೆಯನ್ನೂ ಕತ್ತರಿಸುತ್ತದೆ: ದುರಸ್ತಿಗೆ ಸಮಯ ಹೇಗೂ ಸಿಗುತ್ತಿತ್ತು, ಅದನ್ನು ನಿಷೇಧದ ಲಾಭ ಎನ್ನಲಾಗದು. ಜೀವಹಾನಿ ತಪ್ಪುವ ಮಾತು ಮಾತ್ರ ಹಾಗಲ್ಲ. ದೊಡ್ಡ ಎಂಜಿನ್ ಇರುವ ಬೋಟುಗಳು ಕೆರಳಿದ ಕಡಲಿಗೂ ನುಗ್ಗಬಲ್ಲವು, ಒಬ್ಬರು ಹೋದರೆ ಪೈಪೋಟಿಯಲ್ಲಿ ಉಳಿದವರೂ ಹೋಗುತ್ತಾರೆ. ಎಲ್ಲರನ್ನೂ ಒಟ್ಟಿಗೆ ತಡೆಯುವ ನಿಯಮ ಇದ್ದಾಗಲೇ ಆ ಪೈಪೋಟಿ ನಿಲ್ಲುತ್ತದೆ. ನೋಡಿ, ಒಂದೇ ಪ್ರಶ್ನೆಯಿಂದ ಒಂದು ಅಂಶ ಬಿದ್ದುಹೋಯಿತು, ಒಂದು ಸಣ್ಣದಾಯಿತು, ಒಂದು ಗಟ್ಟಿಯಾಯಿತು.

ಯಾರಿಗೆ ಲಾಭ, ಯಾರಿಗೆ ಹೊರೆ? ಎರಡೂ ಒಬ್ಬರಿಗೇ ಬಂದರೆ ತೂಗುವುದು ಸುಲಭ. ಲಾಭ ಒಬ್ಬರಿಗೆ, ಹೊರೆ ಇನ್ನೊಬ್ಬರಿಗೆ ಎಂದಾದರೆ ಅದನ್ನು ಬಿಡಿಸಿ ಹೇಳಬೇಕು. ನಿಷೇಧದಲ್ಲಿ ಬೋಟಿನ ಮಾಲೀಕ, ಬೋಟ್ ನಡೆಸುವ ತಾಂಡೇಲ, ಕಲಾಸಿ, ನಾಡದೋಣಿಯವರು, ಮೀನು ಮಾರುವ ಹೆಂಗಸರು, ತಿನ್ನುವವರು ಎಲ್ಲರಿಗೂ ಬೇರೆ ಬೇರೆ ಲೆಕ್ಕ. "ಮೀನುಗಾರರಿಗೆ ತೊಂದರೆ" ಎಂಬ ಮಾತು ಇವರೆಲ್ಲರನ್ನೂ ಒಂದೇ ಮುದ್ದೆ ಮಾಡುತ್ತದೆ. ಕೈಗಾ ವಿಷಯ ಬಂದರೂ ಇದೇ ಪ್ರಶ್ನೆ ಮುಖ್ಯ. ತಲಾ 220 ಮೆಗಾವ್ಯಾಟಿನ 4 ಘಟಕಗಳ ವಿದ್ಯುತ್ ದೂರದ ಊರುಗಳಿಗೂ ಹರಿಯುತ್ತದೆ, ಸ್ಥಾವರದ ಬಗೆಗಿನ ಆತಂಕ ಮಾತ್ರ ಕಾಳಿ ಕಣಿವೆಯವರ ಪಾಲು.

ಯಾವಾಗ, ಎಷ್ಟು ಖಚಿತ? ನಿಷೇಧದ ನಷ್ಟ ಕಣ್ಣೆದುರಿಗಿದೆ, ಈ ವಾರವೇ ಆಗುತ್ತದೆ, ಎಣಿಸಲು ಬರುತ್ತದೆ. ಲಾಭ ಮುಂದಿನದು, ಎಲ್ಲರಿಗೂ ಹಂಚಿಹೋಗುವಂಥದ್ದು, ಕಡಲಿನ ಬಿಸಿ, ಕಡಲೊಳಗಿನ ನೀರಿನ ಹರಿವು, ಉಳಿದ ಹತ್ತು ತಿಂಗಳು ಹೇಗೆ ಹಿಡಿಯುತ್ತೇವೆ ಎಂಬುದರ ಮೇಲೂ ನಿಂತಿದ್ದು. ಕಣ್ಣಿಗೆ ಕಾಣುವುದು ಯಾವಾಗಲೂ ದೊಡ್ಡದಾಗಿ ತೋರುತ್ತದೆ. ಈ ವ್ಯತ್ಯಾಸವನ್ನು ಪ್ರಬಂಧದಲ್ಲಿ ಬಾಯಿಬಿಟ್ಟು ಹೇಳಿದರೆ ಅದೇ ಒಂದು ವಾದವಾಗುತ್ತದೆ.

ತಿರುಗಿ ಸರಿಪಡಿಸಲು ಬರುತ್ತದೆಯೆ? ಎರಡು ತಿಂಗಳ ದುಡಿಮೆ ಹೋದರೆ ಪರಿಹಾರ ಕೊಡಬಹುದು. ಸಂತತಿ ಕುಸಿದರೆ ಪರಿಹಾರ ಕೊಡಲು ಯಾವ ಇಲಾಖೆಯ ಕೈಯಲ್ಲೂ ಮೀನಿಲ್ಲ.

ಈ ಕೊನೆಯ ಪ್ರಶ್ನೆಯ ಬಲ ನಿಷೇಧಕ್ಕಿಂತ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಚರ್ಚೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಸುಮಾರು 165 ಕಿ.ಮೀ. ಉದ್ದದ ಈ ಮಾರ್ಗದ ಬೇಡಿಕೆಗೆ ದಶಕಗಳ ವಯಸ್ಸು. ಬಯಲುಸೀಮೆಯಿಂದ ಬಂದರಿಗೆ ನೇರ ದಾರಿ, ಅರಬೈಲ ಘಟ್ಟದ ಲಾರಿ ಸಾಲಿಗೆ ಪರ್ಯಾಯ, ಕರಾವಳಿಯ ರೋಗಿಗಳಿಗೆ ಹುಬ್ಬಳ್ಳಿಯ ಆಸ್ಪತ್ರೆ ಹತ್ತಿರ. ಇವೆಲ್ಲ ಗಟ್ಟಿ ಸಾಧಕಗಳೇ. ಎದುರಿಗೆ ಘಟ್ಟದ ಸುಮಾರು 600 ಹೆಕ್ಟೇರ್ ಅರಣ್ಯ. ಇಲ್ಲಿ "ಒಂದು ಕಡೆ ಅಭಿವೃದ್ಧಿ, ಇನ್ನೊಂದು ಕಡೆ ಪರಿಸರ" ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಸರಕು ಸಾಗಣೆಗೆ ಬೇರೆ ದಾರಿಗಳಿವೆ, ಅವು ದುಬಾರಿ, ನಿಧಾನ. ಮುರಿದ ಕಾಡಿನ ಸಾಲಿಗೆ ಬೇರೆ ದಾರಿ ಇಲ್ಲ. ಹೀಗೆ ಪರ್ಯಾಯ ಇದೆಯೆ ಎಂದು ಎರಡೂ ಕಡೆಗೆ ಕೇಳಿದಾಗ ತೂಕ ತಾನಾಗಿ ಒಂದು ಕಡೆ ವಾಲುತ್ತದೆ. ಯಾವ ಕಡೆ ಎಂಬುದರಲ್ಲಿ ಒಬ್ಬರಿಗೊಬ್ಬರಿಗೆ ಭಿನ್ನಾಭಿಪ್ರಾಯ ಇರಲಿ. ರೋಗಿಯ ದಾರಿಯನ್ನು ಭಾರ ಎನ್ನುವವರು ಅದಕ್ಕೆ ರೈಲು ಬಿಟ್ಟು ಬೇರೆ ಉಪಾಯ ಏಕೆ ಸಾಲದು ಎಂದು ತೋರಿಸಬೇಕು, ಅಷ್ಟೆ.

ಪಟ್ಟಿಯಲ್ಲಿ ಸೇರದೇ ಉಳಿದದ್ದೇನು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಹಳೆಯ ಪಾಠ ಇದೆ. ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಘಟ್ಟದ ಮೇಲಿನ ತೋಟಿಗರು ಬರೀ ಬೇಡ ಎಂದು ಕೂಗಿ ಸುಮ್ಮನಾಗಲಿಲ್ಲ. ತಜ್ಞರನ್ನು ಕರೆಸಿ 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಯಿತು, ಯೋಜನೆಯ ಲಾಭ-ವೆಚ್ಚದ ಲೆಕ್ಕವನ್ನೇ ಮತ್ತೆ ಬಿಚ್ಚಿ ನೋಡಲಾಯಿತು. ಮುಳುಗುವ ಅಡಿಕೆ ತೋಟ, ಕಾಡು ಇವುಗಳಿಗೆ ಸರಿಯಾದ ಬೆಲೆ ಕಟ್ಟಿದರೆ ಲೆಕ್ಕ ಬದಲಾಗುತ್ತದೆ ಎಂಬುದು ಅಲ್ಲಿನ ವಾದ. ಯೋಜನೆ ಮುಂದುವರಿಯಲಿಲ್ಲ. ಪ್ರಬಂಧ ಬರೆಯುವವರು ಇದರಿಂದ ಎತ್ತಿಕೊಳ್ಳಬೇಕಾದ್ದು ವಿಧಾನವನ್ನು: ಎದುರಿನವರ ಪಟ್ಟಿಯಲ್ಲಿ ಇಲ್ಲದ ಸಾಲು ಯಾವುದು ಎಂದು ಹುಡುಕಿ. ಮೀನುಗಾರಿಕೆ ನಿಷೇಧದಲ್ಲಿ ಆ ಸಾಲು ಹೆಚ್ಚಾಗಿ ಮೀನು ಮಾರುವ ಹೆಂಗಸರದ್ದು. ಬೋಟ್ ಲೆಕ್ಕದಲ್ಲಿ ಅವರ ಹೆಸರೇ ಬರುವುದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ತೀರ್ಪು ಮೊದಲು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಪ್ಯಾರಾಗಳನ್ನು ಜೋಡಿಸಿ. ಉಲ್ಟಾ ಮಾಡಿದರೆ ಬರೆಯುತ್ತ ಬರೆಯುತ್ತ ಮನಸ್ಸು ಬದಲಾಗಿ, ಮೊದಲ ಪುಟ ಒಂದು ಹೇಳಿ ಕೊನೆಯ ಪುಟ ಇನ್ನೊಂದು ಹೇಳುತ್ತದೆ.

200-300 ಪದದ ಪ್ರಬಂಧಕ್ಕೆ ಸರಳ ಕ್ರಮ ಸಾಕು: ಪೀಠಿಕೆ, ಒಂದು ಕಡೆ, ಇನ್ನೊಂದು ಕಡೆ, ತೀರ್ಪು. ನೀವು ಒಪ್ಪದ ಕಡೆಯನ್ನು ಮೊದಲು ಬರೆಯಿರಿ, ಒಪ್ಪುವ ಕಡೆಯನ್ನು ತೀರ್ಪಿನ ಹತ್ತಿರ ಇಡಿ. ಪ್ರಶ್ನೆಯಲ್ಲಿ "ಸಾಧಕ-ಬಾಧಕ" ಎಂದಿದೆ, ಹಾಗಾಗಿ ಸಾಧಕವೇ ಮೊದಲು ಬರಬೇಕು ಎಂದು ಅನೇಕರು ನಂಬಿದ್ದಾರೆ. ಪ್ರಶ್ನೆಯನ್ನು ಅ, ಆ ಎಂದು ಭಾಗ ಮಾಡಿ ಕೇಳಿರದಿದ್ದರೆ ಅಂಥ ಕಟ್ಟಳೆ ಇಲ್ಲ. ನಿಷೇಧ ಬೇಕು ಎನ್ನುವವರು ಬಾಧಕದಿಂದ ಶುರು ಮಾಡಲಿ.

ಉದ್ದದ ಪ್ರಬಂಧಕ್ಕೆ ಈ ಕ್ರಮ ಕೈಕೊಡುತ್ತದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 3 ಗಂಟೆಗೆ ಎರಡು ಪ್ರಬಂಧ, ಒಂದೊಂದಕ್ಕೆ 125 ಅಂಕ, 1000ದಿಂದ 1200 ಪದ. ಸಾಧಕಕ್ಕೇ ಮೂರು ಪುಟ, ಬಾಧಕಕ್ಕೇ ಮೂರು ಪುಟ ಎಂದು ಬರೆದರೆ ಎರಡನೆಯದಕ್ಕೆ ಬರುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಅಲ್ಲಿ ಪ್ರಶ್ನೆಯ ಮುಖಗಳನ್ನು ಹಿಡಿದು ನಡೆಯಬೇಕು: ಮೊದಲು ಕಡಲು ಮತ್ತು ಸಂತತಿ, ಆಮೇಲೆ ದುಡಿಮೆ, ಆಮೇಲೆ ಮಾರುಕಟ್ಟೆ, ಆಮೇಲೆ ನಿಯಮ ಜಾರಿಯ ಕಷ್ಟ. ಪ್ರತಿ ಮುಖದೊಳಗೇ ಸಾಧಕವೂ ಬಾಧಕವೂ ಎದುರುಬದುರಾಗಲಿ, ಪ್ಯಾರಾ ಮುಗಿಯುವ ಮೊದಲು ಯಾವುದು ಮೇಲಾಯಿತು ಎಂದು ಹೇಳಿಬಿಡಿ. ನಾಲ್ಕು ಸಣ್ಣ ತೀರ್ಪುಗಳಿಂದ ದೊಡ್ಡ ತೀರ್ಪು ಕಟ್ಟುವುದು ಕಷ್ಟವಾಗುವುದಿಲ್ಲ.

ಒಂದು ಪ್ಯಾರಾ, ಎರಡು ಸಲ

ಸಾಮಾನ್ಯವಾಗಿ ಕಾಣುವ ಪ್ಯಾರಾ ಹೀಗಿರುತ್ತದೆ:

"ಮೀನುಗಾರಿಕೆ ನಿಷೇಧದಿಂದ ಮೀನುಗಾರರಿಗೆ ತುಂಬಾ ತೊಂದರೆಯಾಗುತ್ತದೆ. ಅವರ ಜೀವನ ಕಷ್ಟವಾಗುತ್ತದೆ. ಮೀನಿನ ಬೆಲೆ ಹೆಚ್ಚಾಗುತ್ತದೆ. ಇದರಿಂದ ಜನಸಾಮಾನ್ಯರಿಗೂ ತೊಂದರೆಯಾಗುತ್ತದೆ. ಆದ್ದರಿಂದ ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು."

ತಪ್ಪು ಮಾಹಿತಿ ಒಂದೂ ಇಲ್ಲ. ಹಾಗಿದ್ದೂ ಐದು ವಾಕ್ಯದಲ್ಲಿ ಒಂದೇ ಸಂಗತಿ ಇದೆ, ಅದೂ ಮಸುಕಾಗಿ. ಯಾವ ಮೀನುಗಾರ, ಯಾವ ತೊಂದರೆ, ಯಾವ ಕ್ರಮ? ರಫ್ ಹಾಳೆಯ ಗುರುತುಗಳನ್ನು ಬಳಸಿ ಬರೆದರೆ ಹೀಗಾಗುತ್ತದೆ:

"ನಿಷೇಧದ ಹೊರೆ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಎರಡು ತಿಂಗಳು ಆದಾಯ ನಿಂತರೂ ಮಾಲೀಕನ ಬೋಟು ದಡದಲ್ಲಿ ಉಳಿದಿರುತ್ತದೆ, ಆಗಸ್ಟಿನಲ್ಲಿ ಮತ್ತೆ ದುಡಿಯುತ್ತದೆ. ಪಾಲಿನ ಮೇಲೆ ದುಡಿಯುವ ಕಲಾಸಿಗೆ, ಬುಟ್ಟಿ ಹೊತ್ತು ಕೇರಿ ಕೇರಿಗೆ ಮೀನು ಮಾರುವ ಹೆಂಗಸಿಗೆ ಅಂಥ ಆಸ್ತಿ ಇಲ್ಲ. ಜೂನ್-ಜುಲೈನ ಕಡಲು ಎಷ್ಟೋ ದಿನ ಹೇಗೂ ದೋಣಿ ಇಳಿಯಲು ಬಿಡುವುದಿಲ್ಲವಾದ್ದರಿಂದ ಪೂರ್ತಿ 61 ದಿನವನ್ನು ನಿಷೇಧದ ಲೆಕ್ಕಕ್ಕೆ ಹಾಕಲಾಗದು. ಆದರೂ ಕಡಲು ಶಾಂತವಾದ ದಿನಗಳ ಕೂಲಿ ಅವರಿಗೆ ನಿಜವಾಗಿಯೂ ತಪ್ಪುತ್ತದೆ. ಮೀನುಗಾರ ಕಟ್ಟಿದ ಹಣಕ್ಕೆ ಕೇಂದ್ರ ಮತ್ತು ರಾಜ್ಯ ತಮ್ಮ ಪಾಲು ಸೇರಿಸಿ ಮರಳಿಸುವ ಉಳಿತಾಯ-ಪರಿಹಾರ ಯೋಜನೆ ಇದೆ. ಮೊದಲೇ ಹಣ ಕಟ್ಟಲು ಆಗದವರು ಅದರ ಹೊರಗೇ ಉಳಿಯುತ್ತಾರೆ."

ಇಲ್ಲಿ ಬಾಧಕವನ್ನು ಒಪ್ಪಿಕೊಂಡು, ಅಳೆದು, ಅದರ ಅತಿರೇಕವನ್ನು ಇಳಿಸಿ, ಉಳಿದ ತೂಕವನ್ನು ತೋರಿಸಲಾಗಿದೆ. ಒಂದು ಪ್ಯಾರಾಕ್ಕೆ ಇಷ್ಟೇ ಕೆಲಸ. ತೀರ್ಪಿನ ಪ್ಯಾರಾ ಇದರ ಬೆನ್ನಿಗೆ ನಿಲ್ಲಬೇಕು:

"ಹೀಗಾಗಿ ನಿಷೇಧ ಉಳಿಯಬೇಕು. ಅದರ ನಷ್ಟವನ್ನು ತುಂಬಿಕೊಡಲು ದಾರಿಯಿದೆ, ಕುಸಿದ ಸಂತತಿಯನ್ನು ತುಂಬಲು ಇಲ್ಲ. ಆದರೆ ಎರಡು ತಿಂಗಳು ಬಿಟ್ಟು ಬೆಳೆಸಿದ್ದನ್ನು ಆಗಸ್ಟಿನಲ್ಲಿ ಮರಿ ಸಮೇತ ಬಾಚಿದರೆ ನಿಷೇಧದ ಲಾಭ ಉಳಿಯುವುದಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದ ಕನಿಷ್ಠ ಅಳತೆಯನ್ನು, ಬಂಗಡೆಗೆ 14 ಸೆಂ.ಮೀ., ತಾರ್ಲೆಗೆ 10 ಸೆಂ.ಮೀ., ವರ್ಷವಿಡೀ ಪಾಲಿಸಿದರೆ ಮಾತ್ರ ಕಲಾಸಿಯ ಎರಡು ತಿಂಗಳ ತ್ಯಾಗಕ್ಕೆ ಅರ್ಥ."

ಈ ತೀರ್ಪಿನಲ್ಲಿ ನಿಲುವು ಇದೆ, ಕಾರಣ ಇದೆ, ಷರತ್ತು ಇದೆ. ಷರತ್ತು ಹಾಕುವುದೆಂದರೆ ನುಣುಚಿಕೊಳ್ಳುವುದು ಎಂದು ತಿಳಿಯಬೇಡಿ. "ಎರಡೂ ಕಡೆ ಸಮತೋಲನ ಕಾಯ್ದುಕೊಳ್ಳಬೇಕು" ಎನ್ನುವುದು ನುಣುಚಿಕೊಳ್ಳುವುದು. ಯಾವ ಸ್ಥಿತಿಯಲ್ಲಿ ನಿಮ್ಮ ತೀರ್ಪು ಬದಲಾಗುತ್ತದೆ ಎಂದು ಹೇಳುವುದೇ ಷರತ್ತು. ಹೊಸ ಅಂಶವನ್ನು ಮಾತ್ರ ಇಲ್ಲಿ ತರಬೇಡಿ. ಮರಿಮೀನಿನ ಮಾತು ತೀರ್ಪಿನಲ್ಲಿ ಬರಬೇಕಾದರೆ ಅದು ಮೊದಲೇ ಒಡಲಿನಲ್ಲಿ ಬಂದಿರಬೇಕು.

ಅಂಕಿ-ಅಂಶದ ಬಗ್ಗೆ

"ಒಂದು ಸಮೀಕ್ಷೆಯ ಪ್ರಕಾರ ಶೇ. 75ರಷ್ಟು ಜನ" ಎಂದು ಶುರುವಾಗುವ ವಾಕ್ಯ ನೂರಕ್ಕೆ ತೊಂಬತ್ತು ಸಲ ಪರೀಕ್ಷಾ ಕೊಠಡಿಯಲ್ಲೇ ಹುಟ್ಟಿದ್ದು ಎಂದು ಮೌಲ್ಯಮಾಪಕರಿಗೆ ಗೊತ್ತು. (ಈ ತೊಂಬತ್ತು ಕೂಡ ಮಾತಿಗೆ ಹೇಳಿದ್ದೇ.) ಗೊತ್ತಿರುವ ಒಂದೇ ಅಂಕಿಯನ್ನು ಸರಿಯಾದ ಜಾಗದಲ್ಲಿ ಬಳಸಿ. 61 ದಿನ ಎಂಬ ಅಂಕಿ ಪೀಠಿಕೆಯಲ್ಲಿ ಬರೀ ಮಾಹಿತಿ, ದುಡಿಮೆಯ ಪ್ಯಾರಾದಲ್ಲಿ ಅದೇ ವಾದ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅಲ್ಲೂ 61 ದಿನವೇ. ದಿನ ಸಮ, ತಿಂಗಳು ಬೇರೆ. ಎಲ್ಲ ಮೀನೂ ಒಂದೇ ಕಾಲಕ್ಕೆ ಮೊಟ್ಟೆ ಇಡುವುದಿಲ್ಲ ಎಂಬ ಆಕ್ಷೇಪವನ್ನು ಚರ್ಚಿಸುವಾಗ ಕಡಲಿಗೆ ತಕ್ಕಂತೆ ಕಾಲ ಬದಲಿಸಿದ ಈ ಉದಾಹರಣೆ ಕೆಲಸಕ್ಕೆ ಬರುತ್ತದೆ. ಬೇರೆ ಕಡೆ ತುರುಕಿದರೆ ಬರೀ ಅಲಂಕಾರ. ಅಂಕಿ ನೆನಪಾಗದಿದ್ದರೆ "ಸುಮಾರು ಎರಡು ತಿಂಗಳು" ಎಂದು ಬರೆಯಿರಿ. ತಪ್ಪು ಅಂಕಿಗಿಂತ ಅದು ವಾಸಿ.

ವಾಕ್ಯದೊಳಗಿನ ತಕ್ಕಡಿ

ಕನ್ನಡದಲ್ಲಿ ತೂಗುವ ಕೆಲಸವನ್ನು ಬಹುಪಾಲು "-ದರೂ" ಪ್ರತ್ಯಯವೇ ಮಾಡುತ್ತದೆ. ಈ ಎರಡು ವಾಕ್ಯ ನೋಡಿ: "ಮೀನಿನ ದರ ಏರಿದರೂ ಸಂತತಿ ಉಳಿಯುತ್ತದೆ." "ಸಂತತಿ ಉಳಿದರೂ ಮೀನಿನ ದರ ಏರುತ್ತದೆ." ಸಂಗತಿ ಎರಡರಲ್ಲೂ ಒಂದೇ. ಮೊದಲನೆಯದನ್ನು ಬರೆದವರು ನಿಷೇಧದ ಪರ, ಎರಡನೆಯದನ್ನು ಬರೆದವರು ವಿರೋಧ. ನಮ್ಮ ವಾಕ್ಯದ ತೂಕ ಕೊನೆಗೆ ಬೀಳುತ್ತದೆ, "-ದರೂ" ಹತ್ತಿದ್ದು ಹಗುರವಾಗುತ್ತದೆ. ಬರೆದಾದ ಮೇಲೆ ಇಂಥ ವಾಕ್ಯಗಳನ್ನೆಲ್ಲ ಹುಡುಕಿ, ಭಾರದ ಕಡೆ ಕೊನೆಗಿದೆಯೆ ಎಂದು ನೋಡಿ. ತೀರ್ಪಿಗೆ ಎದುರಾಗಿ ತೂಗುವ ವಾಕ್ಯ ಒಂದೆರಡು ಸಿಕ್ಕೇ ಸಿಗುತ್ತವೆ.

"ಆದರೆ" ಪ್ರತಿ ಎರಡನೆಯ ವಾಕ್ಯಕ್ಕೂ ಬಂದರೆ ಓದುವವರ ತಲೆ ತಿರುಗುತ್ತದೆ. ಒಂದು ಪ್ಯಾರಾದಲ್ಲಿ ದಿಕ್ಕು ಒಮ್ಮೆ ತಿರುಗಿದರೆ ಸಾಕು. ಹಾಗೆಯೇ "ಬಹುದು". "ತೊಂದರೆಯಾಗಬಹುದು, ಬೆಲೆ ಏರಬಹುದು, ಸಂತತಿ ಹೆಚ್ಚಬಹುದು" ಎಂದು ಎಲ್ಲದಕ್ಕೂ ಅಂಟಿಸಿದರೆ ಯಾವುದು ಖಚಿತ, ಯಾವುದು ಊಹೆ ಎಂಬ ಭೇದವೇ ಅಳಿಸಿಹೋಗುತ್ತದೆ. ಬೆಲೆ ಏರುತ್ತದೆ, ಅದು ಪ್ರತಿವರ್ಷ ಕಾಣುವ ಸಂಗತಿ. ಸಂತತಿ ಹೆಚ್ಚಬಹುದು, ಅದಕ್ಕೆ ಬೇರೆ ಕಾರಣಗಳೂ ಕೂಡಿಬರಬೇಕು. "ಮುಂತಾದ", "ಇತ್ಯಾದಿ" ಬರೆದಲ್ಲೆಲ್ಲ ಇನ್ನೊಂದು ಉದಾಹರಣೆ ನಿಮಗೆ ಹೊಳೆಯಲಿಲ್ಲ ಎಂದೇ ಅರ್ಥ. ಗಾದೆ ಬೇಕೇ ಬೇಕೆಂದಿದ್ದರೆ ಒಂದು ಇರಲಿ, ಪೀಠಿಕೆಯಲ್ಲಿ ಬೇಡ.

ಸಮಯ ಮತ್ತು ಪುಟ

40 ನಿಮಿಷ ಇದ್ದರೆ ಹತ್ತು ನಿಮಿಷ ರಫ್ ಹಾಳೆಗೆ, ಇಪ್ಪತ್ತೈದು ಬರೆಯಲು, ಐದು ತಿದ್ದಲು. ಹತ್ತು ನಿಮಿಷ ಹೆಚ್ಚಾಯಿತು ಅನ್ನಿಸುತ್ತದೆ, ಅಕ್ಕಪಕ್ಕದವರು ಎರಡನೆಯ ಪುಟಕ್ಕೆ ಹೋಗಿರುತ್ತಾರೆ. ಅವರ ಕಡೆ ನೋಡಬೇಡಿ. ತೂಗುವ ಕೆಲಸ ಮುಗಿದಿದ್ದರೆ ಬರವಣಿಗೆ ನಿಲ್ಲದೆ ಹೋಗುತ್ತದೆ.

ಕೈಬರಹದಲ್ಲಿ ಕನ್ನಡದ ಒಂದು ಸಾಲಿಗೆ ಸುಮಾರು ಆರೇಳು ಪದ, ಒಂದು ಪುಟಕ್ಕೆ ಹೆಚ್ಚೆಂದರೆ 150-175. ನಮ್ಮ ಪದಗಳು ಪ್ರತ್ಯಯ ಹೊತ್ತು ಉದ್ದವಾಗಿರುವುದರಿಂದ ಇಂಗ್ಲಿಷಿನ 250 ಪದದ ವಿಷಯ ಕನ್ನಡದಲ್ಲಿ ಅದಕ್ಕಿಂತ ಕಡಿಮೆ ಪದದಲ್ಲಿ ಮುಗಿಯುತ್ತದೆ. ಪದಮಿತಿ ತಲುಪಲಿಲ್ಲವೆಂದು ಹೆದರಿ ಕೊನೆಯಲ್ಲಿ ನೀರು ಬೆರೆಸಬೇಡಿ, ಒಡಲಿನಲ್ಲಿ ಇನ್ನೊಂದು ಉದಾಹರಣೆ ಸೇರಿಸಿ. ತಿದ್ದುವ ಐದು ನಿಮಿಷದಲ್ಲಿ ಪೀಠಿಕೆ ಮತ್ತು ತೀರ್ಪು ಎರಡನ್ನೇ ಒಂದರ ಪಕ್ಕ ಒಂದಿಟ್ಟು ಓದಿ. ಒಂದಕ್ಕೊಂದು ಜಗಳ ಆಡುತ್ತಿದ್ದರೆ ಪೀಠಿಕೆಯ ವಾಕ್ಯ ಹೊಡೆದುಹಾಕಿ, ತೀರ್ಪನ್ನು ಮುಟ್ಟಬೇಡಿ. ಅಷ್ಟು ಹೊತ್ತಿನಲ್ಲಿ ಹೊಸ ತೀರ್ಪು ಕಟ್ಟಲು ಆಗದು.

ಅಭ್ಯಾಸಕ್ಕೆ ಮೂರು ವಿಷಯ

ಶಿರಸಿಯನ್ನು ಪ್ರತ್ಯೇಕ ಜಿಲ್ಲೆ ಮಾಡುವುದು. 12 ತಾಲ್ಲೂಕಿನ ಜಿಲ್ಲೆಗೆ ಕೇಂದ್ರ ಕಾರವಾರ, ಅದು ಇರುವುದು ಕರಾವಳಿಯ ಉತ್ತರ ತುದಿಯಲ್ಲಿ. ಶಿರಸಿಯವರೂ ಭಟ್ಕಳದವರೂ ಕಚೇರಿ ಕೆಲಸಕ್ಕೆ 100 ಕಿ.ಮೀ.ಗೂ ಹೆಚ್ಚು ಹೋಗಬೇಕು. ಇಲ್ಲಿ ತೂಗಬೇಕಾದ ಪ್ರಶ್ನೆ "ಇಲ್ಲದಿದ್ದರೂ ಹಾಗೆಯೇ ಆಗುತ್ತಿತ್ತೆ?" ಎಂಬುದು. ಆನ್‌ಲೈನ್‌ನಲ್ಲೇ ಸಿಗುವ ಸೇವೆಗೆ ಹೊಸ ಜಿಲ್ಲೆಯ ಲಾಭ ಎಷ್ಟು, ಖುದ್ದಾಗಿ ಹೋಗಲೇಬೇಕಾದ ಕೆಲಸಕ್ಕೆ ಎಷ್ಟು ಎಂದು ಬೇರೆ ಮಾಡಿ. ಎರಡನೆಯ ಪಟ್ಟಿ ಚಿಕ್ಕದು, ಆದರೆ ಭಾರ.

ಅಘನಾಶಿನಿ ಅಳಿವೆಯ ರಾಮ್ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಮಾನ್ಯತೆ. 2024ರಲ್ಲಿ ಬಂದಿದ್ದು. ಬಳಚು ಎಂಬ ಚಿಪ್ಪುಜೀವಿ ಆರಿಸುವವರು, ಉಪ್ಪುನೀರಿಗೆ ಒಗ್ಗುವ ಕಗ್ಗ ಭತ್ತ ಬೆಳೆಯುವವರು, ಸಿಗಡಿ ಕೃಷಿಯವರು, ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವವರು ನಾಲ್ವರಿಗೂ ಒಂದೇ ನೀರು. "ಯಾರಿಗೆ?" ಎಂಬ ಪ್ರಶ್ನೆ ಬಿಟ್ಟು ಈ ವಿಷಯ ಬರೆಯಲು ಹೋಗಬೇಡಿ.

ಭತ್ತದ ಗದ್ದೆಗೆ ಅಡಿಕೆ ಹಾಕುವುದು. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕು, ಇವತ್ತಿನ ದರ ಅಂದೂ ಇರುತ್ತದೆ ಎನ್ನಲಾಗದು, ಎಲೆಚುಕ್ಕಿ ಮತ್ತು ಕೊಳೆರೋಗ ಬೇರೆ. ತೋಟವಾದ ಗದ್ದೆಯನ್ನು ಮರಳಿ ಗದ್ದೆ ಮಾಡಿದವರು ಎಷ್ಟು ಜನ? ಇನ್ನೊಂದು ಕಡೆ, ನಾಟಿಗೆ ಆಳು ಸಿಗದೆ ಹಡಿಲು ಬಿದ್ದ ಗದ್ದೆಗೆ ಹೋಲಿಸಿದರೆ ತೋಟವೇ ಮೇಲಲ್ಲವೆ? ಹೋಲಿಕೆ ಯಾವುದರ ಜೊತೆ ಎಂಬುದರ ಮೇಲೆ ಇಡೀ ಪ್ರಬಂಧ ನಿಂತಿದೆ. ಪೀಠಿಕೆಯಲ್ಲೇ ಅದನ್ನು ಹೇಳಿಕೊಳ್ಳಿ.

ಒಂದನ್ನು ಆರಿಸಿ ಎರಡು ಸಲ ಬರೆಯಿರಿ: ಮೊದಲ ಸಲ ನಿಮ್ಮ ತೀರ್ಪಿಗೆ, ಎರಡನೆಯ ಸಲ ಅದರ ಎದುರಿನ ತೀರ್ಪಿಗೆ. ಸಂಗತಿಗಳು ಅವೇ ಇರಲಿ, ಕ್ರಮ ಮತ್ತು ತೂಕ ಬದಲಾಗಲಿ. ಎರಡರಲ್ಲೂ ಬಾಧಕದ ಪ್ಯಾರಾ ಅಕ್ಷರ ಬದಲಾಗದೆ ಹಾಗೆಯೇ ಬಂದಿದ್ದರೆ ತೂಗುವುದು ಆಗಿಲ್ಲ ಎಂದರ್ಥ, ರಫ್ ಹಾಳೆಗೆ ವಾಪಸ್ ಹೋಗಿ.